ಸಾಂಬಾರಲ್ಲಿ ಬೇಳೆ ಇಲ್ಲ ಅಂದರೆ ಪಂಚಾಯಿತಿಯಲ್ಲಿ ಏನು ಮಾಡಬೇಕು

ನಮ್ಮೂರು ಮದ್ದೂರು ಕಡೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಮೂರು ವರ್ಷ ಊರ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯಲ್ಲಿ, ಸದಸ್ಯೆ ಆಗಿದ್ದೆ. ಆಗ ಒಂದು ಸಲ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಇಟ್ಟಿದ್ದರು. ಶಾಮಿಯಾನ, ನೆಹರೂ ಫೋಟೋ, ಮೈಕು, ಬಾಳೆಹಣ್ಣು, ಬಿಸ್ಕತ್ತು, ಯಾವುದಕ್ಕೂ ಕೊರತೆ ಇರಲಿಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕು ಹಿಡಿದು, ಶಾಲೆಯ ಬಿಸಿಯೂಟದ ಬಗ್ಗೆ, "ಸಾಂಬಾರಲ್ಲಿ ಬೇಳೆನೇ ಇರಲ್ಲ ಸಾರ್, ಅರಿಶಿನದ ನೀರು ಇದ್ದಂಗೆ ಇರ್ತದೆ" ಅಂದಳು. ಎಲ್ಲರೂ ನಕ್ಕರು. ವೇದಿಕೆ ಮೇಲಿದ್ದವರೊಬ್ಬರು "ಜಾಣೆ ಕಣಮ್ಮ ನೀನು" ಅಂದರು. ಚಪ್ಪಾಳೆ, ಫೋಟೋ, ರಾಷ್ಟ್ರಗೀತೆ.

ಒಂದು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಪಂಚಾಯಿತಿ ಆಫೀಸಿಗೆ ಹೋಗಿದ್ದೆ. ಆ ಸಭೆಯ ನಡವಳಿ ತೋರಿಸಿ ಅಂತ ಕೇಳಿದೆ. ಇದ್ದದ್ದು ಎರಡೇ ಸಾಲು. "ಮಕ್ಕಳು ಶಾಲಾ ಸೌಲಭ್ಯಗಳ ಕುರಿತು ಚರ್ಚಿಸಿದರು. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯಗೊಂಡಿತು." ಬೇಳೆ ಅಲ್ಲಿಯೂ ಇರಲಿಲ್ಲ.

ಮಾರನೇ ವರ್ಷ ನಾವು ನಾಲ್ಕು ಜನ ತಾಯಂದಿರು, ಡಿಗ್ರಿ ಓದುತ್ತಿದ್ದ ಇಬ್ಬರು ಹುಡುಗರು ಸೇರಿ ಬೇರೆ ಥರ ಮಾಡಿದೆವು. ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ಇದೇ ಕಥೆ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು, ಯಾರ ಹತ್ತಿರ ಏನಿದೆ

ಬಿಸಿಯೂಟಕ್ಕೆ ಸರ್ಕಾರದ ಹೆಸರು ಅಕ್ಷರ ದಾಸೋಹ. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಅದರ ಹಿಂದೆ 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇದೆ. ಮಕ್ಕಳಿಗೆ ಅಕ್ಕಿ ಮೂಟೆ ಹಂಚಿದರೆ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಕೋರ್ಟ್ ಹೇಳಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಎಂಟನೇ ಕ್ಲಾಸಿನ ತನಕ ಇದು ಕಾನೂನಿನ ಹಕ್ಕು. ಒಂಬತ್ತು, ಹತ್ತಕ್ಕೆ ನಮ್ಮ ರಾಜ್ಯ ಸರ್ಕಾರ ತನ್ನ ದುಡ್ಡಲ್ಲಿ ಕೊಡುತ್ತದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, "ಪುಕ್ಕಟೆ ಕೊಡ್ತಾರೆ, ಅದಕ್ಕೂ ಕೊಂಕು ತೆಗೀತೀರಲ್ಲ" ಅನ್ನುವವರು ಪ್ರತಿ ಊರಲ್ಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಗೊತ್ತಿರಲಿ.

ಗ್ರಾಮ ಪಂಚಾಯಿತಿ ಅಡುಗೆಗೆ ದುಡ್ಡು ಕೊಡುವುದಿಲ್ಲ. ಇದನ್ನು ತಿಳಿಯದೆ ನಾವು ಮೊದಲು ಅಧ್ಯಕ್ಷರ ಮೇಲೆ ಹಾರಾಡಿದೆವು, ಅವರು ಆರಾಮಾಗಿ "ಅದು ನಮಗೆ ಬರಲ್ಲಮ್ಮ" ಅಂದುಬಿಟ್ಟರು. ಅಕ್ಕಿ, ಬೇಳೆ, ಎಣ್ಣೆ ಮೇಲಿನಿಂದ ಶಾಲೆಗೆ ಬರುತ್ತವೆ. ತರಕಾರಿ, ಸಾಂಬಾರ ಪದಾರ್ಥ ಶಾಲೆಯವರೇ ಕೊಳ್ಳುತ್ತಾರೆ. ಇದನ್ನೆಲ್ಲ ನೋಡಿಕೊಳ್ಳಲು ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ಅಂತ ಇದ್ದಾರೆ, ಅವರ ಮೇಲೆ ಇಒ (ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ), ಜಿಲ್ಲಾ ಪಂಚಾಯಿತಿಯಲ್ಲಿ ಇದಕ್ಕೇ ಒಬ್ಬ ಶಿಕ್ಷಣಾಧಿಕಾರಿ.

ಹಾಗಾದರೆ ಗ್ರಾಮ ಪಂಚಾಯಿತಿಗೆ ಯಾಕೆ ಹೋಗಬೇಕು? ಎರಡು ಕಾರಣ. ಅಡುಗೆ ಕೋಣೆಗೆ ನೀರು, ಕೈ ತೊಳೆಯುವ ನಲ್ಲಿ, ಚರಂಡಿ, ಕಾಂಪೌಂಡು, ಶೌಚಾಲಯ, ಇವು ಪಂಚಾಯಿತಿ ಕೈಲಾಗುವ ಕೆಲಸ. ಉದ್ಯೋಗ ಖಾತ್ರಿ ದುಡ್ಡಲ್ಲೇ ಎಷ್ಟೋ ಶಾಲೆಗಳ ಕಾಂಪೌಂಡು ಎದ್ದಿದೆ. ಇನ್ನೊಂದು, ಇದೇ ದೊಡ್ಡದು: ತಾಲ್ಲೂಕಿನ ಅಧಿಕಾರಿಯನ್ನು ಲಿಖಿತವಾಗಿ ಕೇಳುವ ಅಧಿಕಾರ ನಿಮ್ಮ ಊರಿಗೆ ಸಿಗುವುದು ಪಂಚಾಯಿತಿಯ ನಿರ್ಣಯದಿಂದ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅಲ್ಲಿ ಕೂತು ನಿಮ್ಮ ಪರವಾಗಿ ಕೇಳಲು ಸದಸ್ಯರೇ ಇಲ್ಲದಿರುವಾಗ ಊರಿನಿಂದ ಹೋಗುವ ಕಾಗದಕ್ಕೇ ಬೆಲೆ. ಗ್ರಾಮ ಪಂಚಾಯಿತಿಯಲ್ಲೂ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತಿದ್ದರೆ ಸುಮ್ನೆ ಕೂರಬೇಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇದ್ದಾರೆ, ನಡವಳಿ ಪುಸ್ತಕ ಇದೆ, ಅಷ್ಟು ಸಾಕು.

ಶಾಲೆಯೊಳಗೆ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರಿರಬೇಕು, ಅರ್ಧ ಹೆಂಗಸರಿರಬೇಕು. ನಮ್ಮಲ್ಲಿ ಹೆಂಗಸರು ಇದ್ದರು, ಸಹಿಯೂ ಹಾಕುತ್ತಿದ್ದರು, ಸಭೆಗೆ ಮಾತ್ರ ಗಂಡಂದಿರು ಬರುತ್ತಿದ್ದರು! ನಾನೂ ಮೊದಲ ಆರು ತಿಂಗಳು ಅದೇ ಗುಂಪಿನಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ.

ಅಳತೆ ತಿಳಿಯದೆ ಬಾಯಿ ಬಿಡಬೇಡಿ

ನಾನು ಟೇಪು ಹಿಡಿಯದೆ ಕತ್ತರಿ ಮುಟ್ಟುವವಳಲ್ಲ. "ಊಟ ಚೆನ್ನಾಗಿಲ್ಲ" ಅಂದರೆ ಯಾರೂ ಏನೂ ಮಾಡಲಾರರು. "1 ಕೆಜಿ 920 ಗ್ರಾಂ ಬೇಳೆ ಹಾಕಬೇಕಿತ್ತು, 1 ಕೆಜಿ ಹಾಕಿದ್ದಾರೆ" ಅಂದರೆ ಯಾರಾದರೂ ಉತ್ತರ ಕೊಡಲೇಬೇಕು.

ಲೆಕ್ಕ ಸುಲಭ. ಒಂದರಿಂದ ಐದನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ ಇದರ ಒಂದೂವರೆ ಪಟ್ಟು: 150, 30, 75, ಏಳೂವರೆ. ಇದು ಬೇಯಿಸುವ ಮುಂಚಿನ ತೂಕ. ಚಿಕ್ಕವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ದೊಡ್ಡವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಲಿ ಅಂತ ಇಟ್ಟ ಅಳತೆ.

ನಮ್ಮ ಶಾಲೆಯಲ್ಲಿ ನಾವು ನೋಡಿದ ದಿನ ಹಾಜರಾತಿ 80. ಐದರ ತನಕ 48 ಮಕ್ಕಳು, ಆರು ಏಳರಲ್ಲಿ 32. ಅಕ್ಕಿ ಚಿಕ್ಕವರಿಗೆ 4 ಕೆಜಿ 800, ದೊಡ್ಡವರಿಗೂ ಅಷ್ಟೇ, ಒಟ್ಟು 9 ಕೆಜಿ 600 ಗ್ರಾಂ. ಬೇಳೆ 960 ಮತ್ತೆ 960, ಒಟ್ಟು 1 ಕೆಜಿ 920. ತರಕಾರಿ 4 ಕೆಜಿ 800. ಎಣ್ಣೆ 480 ಗ್ರಾಂ. ಈ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳ ಕೈಲೇ ಮಾಡಿಸಿದೆವು. ಒಬ್ಬ ಹುಡುಗ ಬೋರ್ಡಿನ ಮೇಲೆ ಬರೆದು, "ಎಣ್ಣೆ ಅರ್ಧ ಕೆಜಿಗೆ ಇಪ್ಪತ್ತು ಗ್ರಾಂ ಕಮ್ಮಿ" ಅಂತ ತಾನೇ ಹೇಳಿದ. ಗಣಿತದ ಪುಸ್ತಕದಲ್ಲಿ ಇಂಥ ಲೆಕ್ಕ ಇದ್ದರೆ ಯಾರೂ ಫೇಲಾಗುತ್ತಿರಲಿಲ್ಲ ಅನಿಸಿತು.

ಇದಲ್ಲದೆ ಕ್ಷೀರಭಾಗ್ಯದ ಹಾಲು. 2013ರ ಆಗಸ್ಟ್ 1ಕ್ಕೆ ಶುರುವಾದ ಯೋಜನೆ, ಮಗುವಿಗೆ 150 ಎಂಎಲ್. 2024ರಿಂದ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಮೊಟ್ಟೆ ಮೊದಲು ಎರಡು ದಿನ ಇದ್ದದ್ದು, ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಮುಖ್ಯ ಶಿಕ್ಷಕರು ಬೇಡ ಅಂದರೆ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಸಂಜೆ ಎಲ್ಲರೂ ಕ್ಯಾನು ಹಿಡಿದು ಅಲ್ಲಿಗೇ ಬರುತ್ತಾರೆ.

ಶಾಲೆಗೆ ಹೋಗಿ ನೋಡುವುದು

ಒಂದು ಗಂಟೆಗೆ ಹೋಗಬೇಡಿ. ಆಗ ಬಡಿಸುವುದು ಮಾತ್ರ ಕಾಣುತ್ತದೆ. ಹತ್ತೂವರೆಗೆ ಹೋಗಿ, ಅಕ್ಕಿ ಬೇಳೆ ಅಳೆಯುವ ಹೊತ್ತು. ಇಬ್ಬರೇ ಹೋಗಿ, ಎಸ್‌ಡಿಎಂಸಿಯವರು ಒಬ್ಬರಿರಲಿ. ಹತ್ತು ಜನ ನುಗ್ಗಿದರೆ ದಾಳಿ ಮಾಡಿದ ಹಾಗೆ ಆಗುತ್ತದೆ, ಎಲ್ಲರ ಬಾಯಿ ಮುಚ್ಚಿಹೋಗುತ್ತದೆ.

ಮೊದಲು ಮಾತಾಡಿಸಬೇಕಾದದ್ದು ಅಡುಗೆಯವರನ್ನು. ನಮ್ಮ ಶಾಲೆಯ ಅಡುಗೆ ಅಕ್ಕ ನಮ್ಮನ್ನು ನೋಡಿದ ತಕ್ಷಣ "ನಾನೇನ್ ಕದ್ಕೊಂಡು ಹೋಗ್ತಿದೀನಾ?" ಅಂತ ಸೌಟು ಕೆಳಗಿಟ್ಟರು. ತಪ್ಪು ನಮ್ಮದೇ. ಹಿಂದಿನ ವಾರ ಊರೆಲ್ಲ ಅವರ ಹೆಸರು ಹಿಡಿದು ಮಾತಾಡಿತ್ತು. ಕೂತು, ಈರುಳ್ಳಿ ಹೆಚ್ಚಿಕೊಟ್ಟು, ಅರ್ಧ ಗಂಟೆ ಆದ ಮೇಲೆ ಅವರೇ ಬೇಳೆ ಡಬ್ಬ ತೆಗೆದು ತೋರಿಸಿದರು. ತಳದಲ್ಲಿ ಆರು ಕೆಜಿ ಇತ್ತು. ಸ್ಟಾಕ್ ಪುಸ್ತಕದಲ್ಲೂ ಆರೇ ಇತ್ತು, ಲೆಕ್ಕ ಸರಿಯಾಗಿತ್ತು. ಆ ತಿಂಗಳ ಬೇಳೆ ಬಂದೇ ಇರಲಿಲ್ಲ! ಮುಖ್ಯ ಶಿಕ್ಷಕಿ ಪಕ್ಕದ ಊರಿನ ಶಾಲೆಯಿಂದ ಸಾಲ ತಂದಿದ್ದರು, ಅಡುಗೆ ಅಕ್ಕ ಇದ್ದದ್ದನ್ನೇ ಎಳೆದಾಡಿ ದಿನ ದೂಡುತ್ತಿದ್ದರು. ಕಳ್ಳತನ ಇಲ್ಲ, ಕಾಳಜಿ ಇಲ್ಲದವರೂ ಇಲ್ಲ. ತಡವಾದದ್ದು ಮೇಲಿನಿಂದ. ಅದನ್ನು ಬರೆದು ಕೇಳಲು ಮೇಡಂಗೆ ಭಯ, ಯಾಕೆ ಅಂದರೆ ಕೇಳಿದವರಿಗೇ ನೋಟಿಸು ಬರುವ ಕಾಲ. ಪಂಚಾಯಿತಿ ನಿರ್ಣಯದ ಉಪಯೋಗ ಇಲ್ಲೇ ಇರುವುದು. ಕಾಗದ ಅವರ ಹೆಸರಲ್ಲಿ ಹೋಗುವುದಿಲ್ಲ, ಊರಿನ ಹೆಸರಲ್ಲಿ ಹೋಗುತ್ತದೆ.

ಇನ್ನು ಏನೇನು ನೋಡಬೇಕು ಅಂದರೆ, ಮುಖ್ಯವಾಗಿ ಪುಸ್ತಕಗಳು. ಹಾಜರಾತಿ ಪುಸ್ತಕದ ಸಂಖ್ಯೆ, ಊಟ ಮಾಡಿದವರ ಸಂಖ್ಯೆ, ಅಕ್ಕಿ ಖರ್ಚಾದ ಸಂಖ್ಯೆ, ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿ ನೋಡಿ. ಹಬ್ಬದ ಮಾರನೇ ದಿನದ ಪುಟ ತೆಗೆಸಿ. ಊರಿನ ಅರ್ಧ ಮಕ್ಕಳು ಅಜ್ಜಿ ಮನೆಯಲ್ಲಿರುವ ದಿನವೂ ಪೂರ್ತಿ ಸಂಖ್ಯೆ ಬರೆದಿದ್ದರೆ ಅಲ್ಲಿ ಕೇಳಬೇಕಾದದ್ದು ಏನೋ ಇದೆ. ಆಮೇಲೆ ರುಚಿ ನೋಡಿದ ಪುಸ್ತಕ. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ತಿಂದು ಸಹಿ ಹಾಕಬೇಕು. ನಮ್ಮಲ್ಲಿ ಇಡೀ ತಿಂಗಳಿನ ಸಹಿ ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ಇತ್ತು. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2013ರ ಜುಲೈನಲ್ಲಿ ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಊಟಕ್ಕೆ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಗೊಬ್ಬರ, ಔಷಧಿ ಡಬ್ಬಗಳು ಮನೆ ಮನೆಯಲ್ಲಿ ಇರುವ ನಮ್ಮ ಕಬ್ಬು ಭತ್ತದ ಊರುಗಳಲ್ಲಿ ಖಾಲಿ ಕ್ಯಾನು ತೊಳೆದು ಮತ್ತೆ ಬಳಸುವ ಅಭ್ಯಾಸ ಇದೆ ಅಲ್ವಾ, ಅದು ಶಾಲೆಯ ಅಡುಗೆ ಕೋಣೆಯ ಹತ್ತಿರ ಸುಳಿಯಬಾರದು.

ಸಾಲು ನೋಡಿ. ಯಾರು ಎಲ್ಲಿ ಕೂತಿದ್ದಾರೆ, ಯಾರಾದರೂ ಬೇರೆಯಾಗಿ ಡಬ್ಬಿ ತಂದು ತಿನ್ನುತ್ತಿದ್ದಾರಾ, ಯಾಕೆ. ಅಡುಗೆಯವರ ಜಾತಿ ಹಿಡಿದು ಮಗುವನ್ನು ಊಟದಿಂದ ಎಬ್ಬಿಸುವ ಮನೆಗಳು ಇನ್ನೂ ಇವೆ. ಇಂಥದ್ದು ಕಂಡರೆ ಸಭೆಯ ತನಕ ಕಾಯಬೇಡಿ, "ಹೊಂದಿಸಿಕೊಂಡು ಹೋಗೋಣ" ಅನ್ನುವವರ ಮಾತು ಕೇಳಬೇಡಿ. ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಅವತ್ತೇ ಬರೆದು ಕೊಡಿ.

ಒಂದು ಮಾತು ಅಕ್ಕಿ ಬಗ್ಗೆ. "ಶಾಲೆ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ" ಅಂತ ನಮ್ಮೂರಲ್ಲೂ ವಾಟ್ಸಾಪ್ ಓಡಿತು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲೇ ಅಚ್ಚು ಹಾಕಿದ ಕಾಳು, ನೂರಕ್ಕೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ನಮ್ಮ ಅಡುಗೆ ಅಕ್ಕ ಪಾಪ ಕೂತು ಒಂದೊಂದನ್ನೇ ಆರಿಸಿ ಎಸೆಯುತ್ತಿದ್ದರು. ಇದನ್ನು ದೂರು ಅಂತ ಬರೆದುಕೊಂಡು ಹೋದರೆ ನಿಮ್ಮ ಉಳಿದ ನಿಜವಾದ ದೂರುಗಳನ್ನೂ ಯಾರೂ ನಂಬುವುದಿಲ್ಲ. ಹುಳು, ಬೂಸ್ಟು, ಕಲ್ಲು ಬೇರೆ ವಿಷಯ. ಅದಕ್ಕೆ ಫೋಟೋ ತೆಗೆಯಿರಿ, ಮೂಟೆಯ ಮೇಲಿನ ಚೀಟಿಯೂ ಫೋಟೋದಲ್ಲಿ ಬರಲಿ.

ಮಕ್ಕಳ ಮಾತು ಮಕ್ಕಳದೇ ಆಗಿರಲಿ

ಮಕ್ಕಳ ಗ್ರಾಮಸಭೆ ಬೇರೆಯಾಗಿ ಯಾಕೆ ಬೇಕು ಅಂದರೆ, ಕಾನೂನಿನಲ್ಲಿ ಗ್ರಾಮಸಭೆ ಅಂದರೆ ಮತದಾರರ ಸಭೆ. 18 ಆಗದವರು ಅದರ ಸದಸ್ಯರೇ ಅಲ್ಲ. ಹಾಗಾಗಿ ಗ್ರಾಮೀಣಾಭಿವೃದ್ಧಿ ಇಲಾಖೆ 2006ರಿಂದ ವರ್ಷಕ್ಕೊಮ್ಮೆ ಮಕ್ಕಳಿಗೇ ಒಂದು ಸಭೆ ಮಾಡಿ ಅಂತ ಪಂಚಾಯಿತಿಗಳಿಗೆ ಹೇಳುತ್ತಾ ಬಂದಿದೆ. ಸಾಮಾನ್ಯವಾಗಿ ನವೆಂಬರ್‌ ಆಚೀಚೆ. ನಿಮ್ಮ ಪಂಚಾಯಿತಿಯಲ್ಲಿ ಆಗಿಲ್ಲ ಅಂದರೆ ಅಕ್ಟೋಬರ್‌ನಲ್ಲೇ ಪಿಡಿಒಗೆ ಅರ್ಜಿ ಕೊಡಿ.

ಸಭೆಗೆ ಹದಿನೈದು ದಿನ ಮುಂಚೆ ಕೆಲಸ ಶುರುವಾಗಬೇಕು. ನಾವು ಮೊದಲ ವರ್ಷ ಮಾಡಿದ ದಡ್ಡತನ ಏನೆಂದರೆ, ಪ್ರಶ್ನೆ ಬರೆಯಲು ಶಿಕ್ಷಕರಿಗೇ ಹೇಳಿದ್ದು. "ನಮ್ಮ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬೇಕು" ಅಂತ ಮುದ್ದಾದ ಅಕ್ಷರದಲ್ಲಿ ಬಂತು, ಐದು ಮಕ್ಕಳು ಬಾಯಿಪಾಠ ಒಪ್ಪಿಸಿದರು. ಬೇಳೆ ವಿಷಯ ಹೇಳಿದವಳು ಆ ಪಟ್ಟಿಯಲ್ಲೇ ಇರಲಿಲ್ಲ, ತಾನಾಗಿ ಎದ್ದು ನಿಂತದ್ದು.

ಎರಡನೇ ವರ್ಷ ಆ ಡಿಗ್ರಿ ಹುಡುಗರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅರಳಿಕಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಹುಡುಗಿಯರ ಜೊತೆ ನಾನು, ಇನ್ನೊಬ್ಬಾಕೆ ಬೇರೆ ಕೂತೆವು. "ಏನು ತೊಂದರೆ?" ಅಂತ ಕೇಳಿದರೆ ಯಾರೂ ಮಾತಾಡುವುದಿಲ್ಲ. "ನಿನ್ನೆ ಊಟದಲ್ಲಿ ಏನು ಬಿಟ್ಟೆ, ಯಾಕೆ ಬಿಟ್ಟೆ?" ಅಂತ ಕೇಳಿ, ಅರ್ಧ ಗಂಟೆ ನಿಲ್ಲುವುದಿಲ್ಲ. ಒಬ್ಬಳು ಮಧ್ಯಾಹ್ನ ನೀರೇ ಕುಡಿಯುವುದಿಲ್ಲ ಅಂದಳು. ಯಾಕೆ ಅಂದರೆ ಶೌಚಾಲಯಕ್ಕೆ ಚಿಲಕ ಇಲ್ಲ. ಊಟದ ವಿಷಯ ಕೇಳಲು ಕೂತು ಚಿಲಕ ಸಿಕ್ಕಿತು. ಅದು ಐವತ್ತು ರೂಪಾಯಿ ಕೆಲಸ, ಮಾರನೇ ವಾರವೇ ಆಯಿತು.

ಶಾಲೆಯಲ್ಲಿ ಮಕ್ಕಳ ಸಂಸತ್ತು ಇದ್ದರೆ, ಅದರಲ್ಲಿ ಒಬ್ಬ ಆಹಾರ ಮಂತ್ರಿ ಇರುತ್ತಾನೆ, ಎದೆಗೆ ಬ್ಯಾಡ್ಜ್ ಹಾಕಿಕೊಂಡು ತಟ್ಟೆ ಎಣಿಸುತ್ತಾನೆ. ಅವನಿಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಕೊಡಿಸಿ. ದಿನಾ ಮೂರು ವಿಷಯ ಬರೆದರೆ ಸಾಕು: ಎಷ್ಟು ಜನ ಉಂಡರು, ಏನು ಮಾಡಿದ್ದರು, ಎರಡನೇ ಸಲ ಕೇಳಿದವರಿಗೆ ಸಿಕ್ಕಿತಾ. ಮೂರು ತಿಂಗಳ ಈ ಪುಸ್ತಕ ಸಭೆಯಲ್ಲಿ ಮೇಜಿನ ಮೇಲೆ ಇಟ್ಟರೆ ಅದರ ಮುಂದೆ ಯಾವ ಭಾಷಣವೂ ನಿಲ್ಲುವುದಿಲ್ಲ.

ಮಗುವಿನ ಹೆಸರು ಮಾತ್ರ ಎಲ್ಲೂ ಬರೆಯಬೇಡಿ. "ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು" ಅಂದರೆ ಸಾಕು. ನಮ್ಮ ಹುಡುಗಿಗೆ ಮೊದಲ ಸಭೆ ಆದ ಮೇಲೆ ಎರಡು ವಾರ "ಬೇಳೆ ಬಂತು ನೋಡ್ರಪ್ಪ" ಅಂತ ಎಲ್ಲರೂ ರೇಗಿಸಿದರು, ದೊಡ್ಡವರೂ ಸೇರಿ. ಅವಳು ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು. ಅದು ನಮಗೆ ಗೊತ್ತಾದದ್ದು ತಡವಾಗಿ.

ಹಾಗೇ ನಮ್ಮ ಮಂಡ್ಯ ಕಡೆ ಇನ್ನೊಂದು ಗುಂಪನ್ನು ಮರೆಯುತ್ತೇವೆ. ಕಬ್ಬು ಕಡಿಯಲು, ಆಲೆಮನೆ ಕೆಲಸಕ್ಕೆ ಹೊರಗಿಂದ ಬಂದವರ ಮಕ್ಕಳು. ಹಂಗಾಮಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಾರೆ, ಯಾವ ಪುಸ್ತಕದಲ್ಲೂ ಹೆಸರಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಸೇರಿದ ದಿನದಿಂದಲೇ ಊಟ. ಮಕ್ಕಳ ಸಭೆಗೆ ಅವರನ್ನೂ ಕರೆಯಿರಿ. ಭಾಷೆ ಬರದಿದ್ದರೆ ಜೊತೆಗೆ ಒಬ್ಬರು ನಿಂತು ಹೇಳಲಿ.

ಸಭೆಯ ದಿನ

ಸಮಯ ನೋಡಿ ಇಡಿಸಿ. ನವೆಂಬರ್, ಡಿಸೆಂಬರ್ ಕೊಯ್ಲಿನ ಕಾಲ, ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಪೋಷಕರು ಗದ್ದೆಯಲ್ಲಿರುತ್ತಾರೆ. ಯಾರು ಬರಬೇಕು ಅಂತ ನೋಟಿಸಿನಲ್ಲೇ ಬರೆಸಿ. ಪಿಡಿಒ, ಮುಖ್ಯ ಶಿಕ್ಷಕರು, ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ), ಅಂಗನವಾಡಿ ಕಾರ್ಯಕರ್ತೆ, ಆಶಾ, ಮತ್ತೆ ಬಿಸಿಯೂಟದ ವಿಷಯ ಇದೆ ಅಂದಮೇಲೆ ತಾಲ್ಲೂಕಿನ ಅಕ್ಷರ ದಾಸೋಹದವರು. ಅವರು ಬರದಿದ್ದರೆ "ಗೈರು" ಅಂತ ನಡವಳಿಯಲ್ಲಿ ಬರೆಸಿ. ಮುಂದಿನ ವರ್ಷ ಬರುತ್ತಾರೆ.

ಕೂರುವುದು ಚಿಕ್ಕ ವಿಷಯ, ಆದರೆ ಮುಖ್ಯ. ವೇದಿಕೆ ಮೇಲೆ ದೊಡ್ಡವರು, ಕೆಳಗೆ ಜಮಖಾನದ ಮೇಲೆ ಮಕ್ಕಳು, ಹೀಗಿದ್ದರೆ ಮಕ್ಕಳು ಬಾಯಿ ಬಿಡುವುದಿಲ್ಲ. ನಾವು ಎಲ್ಲರನ್ನೂ ಜಮಖಾನದ ಮೇಲೆ ದುಂಡಗೆ ಕೂರಿಸಿದೆವು. ಅಧ್ಯಕ್ಷರಿಗೆ ಮಂಡಿ ನೋವು, ಅವರಿಗೊಂದು ಕುರ್ಚಿ.

ಹಾರ, ಸ್ವಾಗತ ಎಲ್ಲಾ ಹತ್ತು ನಿಮಿಷಕ್ಕೆ ಮುಗಿಸಿ, ಮೊದಲ ಕೆಲಸವಾಗಿ ಹಿಂದಿನ ವರ್ಷದ ನಡವಳಿ ಓದಿಸಿ. ಓದುವವರು ಮಕ್ಕಳಲ್ಲೇ ಒಬ್ಬರಿರಲಿ. ಆ ಎರಡು ಸಾಲನ್ನು ನಮ್ಮ ಏಳನೇ ಕ್ಲಾಸಿನ ಹುಡುಗ ಜೋರಾಗಿ ಓದಿ, ಪುಟ ತಿರುಗಿಸಿ, "ಮುಂದೆ ಏನೂ ಇಲ್ಲ ಸಾರ್" ಅಂದ. ಯಾರೂ ನಗಲಿಲ್ಲ ಈ ಸಲ.

ನಡವಳಿ ಬರೆಯುವ ಕಾರ್ಯದರ್ಶಿಯ ಪಕ್ಕ ನಿಮ್ಮವರೊಬ್ಬರು ಕೂರಲಿ, ಗಲಾಟೆ ಮಾಡಲು ಅಲ್ಲ, ನೆನಪಿಸಲು. ಪ್ರತಿ ವಿಷಯಕ್ಕೂ ಏನು ಕೇಳಿದರು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಇಷ್ಟೂ ಬರಬೇಕು. "ಪರಿಶೀಲಿಸಲಾಗುವುದು" ಅಂತ ಬರೆದರೆ ಅದು ಸತ್ತಂತೆ. ಕೊನೆಗೆ ಸಹಿ ಹಾಕುವ ಮುಂಚೆ ಇಡೀ ನಡವಳಿ ಮೈಕಲ್ಲಿ ಓದಿಸಿ. ಇದೊಂದನ್ನು ಬಿಡಲೇಬೇಡಿ. ಉಳಿದದ್ದೆಲ್ಲ ತಪ್ಪಿದರೂ ಪರವಾಗಿಲ್ಲ.

ಇನ್ನೂ ಒಂದು ಗಂಟು ಇದೆ. ಮಕ್ಕಳ ಸಭೆ ಕೇಳಬಹುದು, ತೀರ್ಮಾನ ಮಾಡುವ ಅಧಿಕಾರ ಅದಕ್ಕಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗಲೂ ಹಾಗೇ ಇತ್ತಂತೆ, ಊರೂರಿನವರು ದಸರೆಗೆ ಬಂದು ಕಷ್ಟ ಹೇಳಿಕೊಳ್ಳಬಹುದು, ಆದೇಶ ಅರಮನೆಯದು. ಹಾಗಾಗಿ ಮಕ್ಕಳ ಸಭೆಯ ಪಟ್ಟಿ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯ ಅಜೆಂಡಾಗೆ ಹೋಗಬೇಕು, ಅಲ್ಲಿ ನಿರ್ಣಯ ಆಗಬೇಕು. ಹೋಯಿತಾ ಅಂತ ನೋಡುವವರು ನೀವೇ. ನಾವು ಕೊಟ್ಟ ಅರ್ಜಿ ಹೀಗಿತ್ತು, ಬೇಕಾದರೆ ಹೀಗೇ ಬಳಸಿಕೊಳ್ಳಿ:

"ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ಮಾನ್ಯರೇ, ವಿಷಯ: ಮಕ್ಕಳ ಗ್ರಾಮಸಭೆಯ ಬೇಡಿಕೆಗಳನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸುವ ಬಗ್ಗೆ. ಇಂಥ ತಾರೀಖಿನ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಗೆ ತೊಗರಿಬೇಳೆ ಸಕಾಲಕ್ಕೆ ಬರುತ್ತಿಲ್ಲ ಎಂದು ಮಕ್ಕಳು ತಿಳಿಸಿದ್ದಾರೆ. ಸ್ಟಾಕ್ ಪುಸ್ತಕದ ಪ್ರಕಾರ ಆ ದಿನ 6 ಕೆಜಿ ಇತ್ತು, ದಿನಕ್ಕೆ ಬೇಕಾದದ್ದು 1 ಕೆಜಿ 920 ಗ್ರಾಂ. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿಟ್ಟು, ನಿರ್ಣಯದ ಪ್ರತಿಯನ್ನು ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೂ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಕಳಿಸಬೇಕೆಂದು ಕೋರುತ್ತೇವೆ."

ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. "ಇಟ್ಟು ಹೋಗಮ್ಮ, ನೋಡೋಣ" ಅಂದರೆ ಇಟ್ಟು ಬರಬೇಡಿ. ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ. ನಾನು ಒಂದೂವರೆ ಗಂಟೆ ಕೂತಿದ್ದೆ, ಒಂದು ಬ್ಲೌಸಿನ ಹುಕ್ಕು ಪೂರ್ತಿ ಹೊಲಿದು ಮುಗಿಸಿದೆ.

ಆಮೇಲೂ ಕದಲದಿದ್ದರೆ

ಒಂದು ತಿಂಗಳು ಕಾದು ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹಾಗಾಗಿ ಕಥೆ ಬರೆಯಬೇಡಿ. "ಈ ನಿರ್ಣಯದ ಮೇಲೆ ಕೈಗೊಂಡ ಕ್ರಮದ ದಾಖಲೆಗಳ ಪ್ರತಿ ಕೊಡಿ" ಅಂತ ಒಂದೇ ಸಾಲು.

ಊಟವೇ ನಿಂತುಹೋದರೆ ಮಾತು ಬೇರೆ. 2015ರ ಮಧ್ಯಾಹ್ನದ ಊಟದ ನಿಯಮದಲ್ಲಿ, ಶಾಲೆ ನಡೆದ ದಿನ ಯಾವ ಕಾರಣಕ್ಕೇ ಆಗಲಿ ಊಟ ತಪ್ಪಿದರೆ ಆ ದಿನದ ಧಾನ್ಯ ಮತ್ತು ಅಡುಗೆ ಖರ್ಚಿನ ದುಡ್ಡನ್ನು ಮಗುವಿಗೆ ಮುಂದಿನ ತಿಂಗಳ 15ರೊಳಗೆ ಕೊಡಬೇಕು ಅಂತ ಇದೆ. ಸತತ ಮೂರು ದಿನ, ಇಲ್ಲವೇ ತಿಂಗಳಲ್ಲಿ ಐದು ದಿನ ತಪ್ಪಿದರೆ ಯಾರ ಹೊಣೆ ಅಂತ ಸರ್ಕಾರ ಕಂಡುಹಿಡಿಯಬೇಕು. ಆಹಾರ ಮಂತ್ರಿಯ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಗುವಿಗೆ ಹೊಡೆತ, ಬೆದರಿಕೆ, ಜಾತಿ ಅವಮಾನ ಅಂತ ಏನಾದರೂ ಆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮೈಸೂರು ನಗರದ ಕಡೆಯವರಿಗೆ ಇದರಲ್ಲಿ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಬಹಳ ಶಾಲೆಗಳಿಗೆ ದೊಡ್ಡ ಅಡುಗೆಮನೆಯಿಂದ ಡಬ್ಬಗಳಲ್ಲಿ ಊಟ ಗಾಡಿಯಲ್ಲಿ ಬರುತ್ತದೆ. ಅಲ್ಲಿ ಬೇಳೆ ಅಳೆಯಲು ಆಗುವುದಿಲ್ಲ. ಗಾಡಿ ಎಷ್ಟು ಹೊತ್ತಿಗೆ ಬಂತು, ಮುಚ್ಚಳ ತೆಗೆದಾಗ ಬಿಸಿ ಇತ್ತಾ, ಎಷ್ಟು ಜನಕ್ಕೆ ಅಂತ ಚೀಟಿಯಲ್ಲಿದೆ, ಎಷ್ಟು ಉಳಿದು ವಾಪಸ್ ಹೋಯಿತು, ಇದನ್ನು ಬರೆದಿಡಿ. ಪಂಚಾಯಿತಿ ಬದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮತ್ತು ಪಾಲಿಕೆ. ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದದ್ದು, ಚುನಾವಣೆ ಆಗಿ ಹೊಸಬರು ಬಂದಿಲ್ಲದಿದ್ದರೆ ಹಳ್ಳಿಯವರಿಗಿಂತ ನಿಮಗೆ ಕಷ್ಟ ಜಾಸ್ತಿ.

ಹುಡುಗರಿಗೆ ಒಂದು ಮಾತು. ಈ ಕೆಲಸದಲ್ಲಿ ನಿಜವಾಗಿ ಓಡಾಡಿದ್ದು ಆ ಇಬ್ಬರು ಡಿಗ್ರಿ ಓದುವವರು. ಅರ್ಜಿ ಟೈಪ್ ಮಾಡಿದ್ದು, ನಡವಳಿ ಫೋಟೋ ತೆಗೆದದ್ದು, ತಾಲ್ಲೂಕು ಆಫೀಸಿಗೆ ಬೈಕಲ್ಲಿ ಹೋದದ್ದು ಎಲ್ಲಾ ಅವರೇ. 18 ಆದ ತಕ್ಷಣ ಮತದಾರರ ಪಟ್ಟಿಗೆ ಹೆಸರು ಹಾಕಿಸಿ. ಆಗ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ನೀವು ಅತಿಥಿಗಳಲ್ಲ, ಸದಸ್ಯರು. 21 ಆದರೆ ಪಂಚಾಯಿತಿಗೆ ನಿಲ್ಲಬಹುದು. ಅವರಲ್ಲಿ ಒಬ್ಬನಿಗೆ ಈಗ 21 ಆಗಿದೆ. ಅವರಮ್ಮ ನನ್ನನ್ನು ಕಂಡರೆ "ಮಗನ್ನ ಕೆಡಿಸ್ಬಿಟ್ಟೆ ಕಣಕ್ಕ" ಅಂತಾರೆ.

ನಿರ್ಣಯ ಹೋದ ಮೂರನೇ ವಾರಕ್ಕೆ ಬೇಳೆ ಬಂತು. ಆ ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಅಲ್ಲೂ ಬಿಸಿಯೂಟ ಇದೆ. ಮೊನ್ನೆ ಲಂಗಕ್ಕೆ ಅಳತೆ ಕೊಡಲು ಬಂದಿದ್ದಳು. ಟೇಪು ಸೊಂಟಕ್ಕೆ ಸುತ್ತುತ್ತಿದ್ದಾಗಲೇ ಹೇಳಿದಳು: ಮೊಟ್ಟೆ ದಿನಾ ಬರುತ್ತದಂತೆ, ಆದರೆ ಸುಲಿಯಲು ಮೂರನೇ ಪೀರಿಯಡ್‌ನಲ್ಲಿ ಹುಡುಗಿಯರನ್ನು ಮಾತ್ರ ಕರೆಯುತ್ತಾರಂತೆ. ಎಷ್ಟು ದಿನದಿಂದ ಅಂತ ಕೇಳಿದೆ. "ಬರೆದಿಟ್ಟಿದೀನಿ ಆಂಟಿ" ಅಂತ ಬ್ಯಾಗಿಂದ ನೋಟ್‌ಬುಕ್ ತೆಗೆದಳು.